ಬೈರಾಸಿನ ಅಡಿಯಲ್ಲಿಟ್ಟ ಮದ್ದು

ದನದ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳುವವನು ಉದ್ಧಾರವಾಗುವುದಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಎದುರೆದುರು ನಿಂತು, ಹೆಗಲ ಮೇಲಿನ ಬೈರಾಸನ್ನು ಕೈಗಳ ಮೇಲೆ ಹರಡಿಕೊಂಡು, ಅದರ ಅಡಿಯಲ್ಲಿ ಬೆರಳು ಹಿಡಿದು ಮಾತಾಡಬೇಕು. ಒಂದು ಬೆರಳು ಒತ್ತಿದರೆ ಒಂದು ಲೆಕ್ಕ, ಮಡಚಿ ಒತ್ತಿದರೆ ಅದರ ಅರ್ಧ. ಮುಷ್ಟಿ ಬಿಗಿದರೆ ವ್ಯಾಪಾರ ಇಲ್ಲ ಎಂದು ಅರ್ಥ. ಆಮೇಲೆ ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ. ಸುತ್ತ ಹತ್ತು ಜನ ನಿಂತಿದ್ದರೂ ಅಡಿಯಲ್ಲಿ ಏನು ನಡೆಯಿತೆಂದು ಯಾರಿಗೂ ತಿಳಿಯಬಾರದು. ಮಾರುವವನಿಗೆ ಒಂದು ದರ, ಕೊಳ್ಳುವವನಿಗೆ ಇನ್ನೊಂದು. ನಡುವಿನದ್ದು ದಲ್ಲಾಳಿಯ ಅನ್ನ.

ಆ ಅನ್ನವನ್ನು ನಾನು ಇಪ್ಪತ್ತು ವರ್ಷ ತಿಂದೆ. ಕಾಪುವಿನಲ್ಲಿ ಇನ್ನೊಬ್ಬರ ಕೋಣಗಳಿಗೆ ಹುಲ್ಲು ಹಾಕುತ್ತಿದ್ದವನು ಕಾರ್ಕಳದಿಂದ ಉಡುಪಿಯವರೆಗೆ ಉಳುವ ಕೋಣ ಬೇಕಾದವರೆಲ್ಲ ಹುಡುಕಿಕೊಂಡು ಬರುವ ಮನುಷ್ಯನಾದೆ. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ ಎಂದು ಹೇಳಿಕೊಳ್ಳುವ ಚಾಳಿ ನನಗೆ ಬಹಳ ಕಾಲ ಇತ್ತು. ಅದು ಸುಳ್ಳು. ಎತ್ತಿದವಳು ಅಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬೀಡಿಯ ಮೊರ, ತಡ್ಪೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟಿ ನನ್ನನ್ನು ಸಾಕಿದಳು. ಬೆರಳಿನ ಭಾಷೆಯನ್ನು ನಾನು ಕಲಿತದ್ದೂ ಅವಳ ಕೈಯ ಮೇಲೆಯೇ. ಸಂಜೆ ಬೀಡಿಯ ಕಟ್ಟುಗಳನ್ನು ಬದಿಗಿಟ್ಟು ಕೈ ಚಾಚುತ್ತಿದ್ದಳು. ನಾನು ಬೈರಾಸು ಮುಚ್ಚಿ ಅಭ್ಯಾಸ ಮಾಡುತ್ತಿದ್ದೆ. ಎಲೆ ಕತ್ತರಿಸಿ ಕತ್ತರಿಸಿ ದಪ್ಪಗಟ್ಟಿದ ಬೆರಳುಗಳು. ನಾನು ಹೆಚ್ಚು ಆಸೆ ತೋರಿಸಿದರೆ ಮುಷ್ಟಿ ಬಿಗಿದು ನಗುತ್ತಿದ್ದಳು.

ಎಮರ್ಜೆನ್ಸಿ ಮುಗಿದ ಮರುವರ್ಷ ಇರಬೇಕು, ಬೀಡಿ ಬ್ರಾಂಚಿನ ಗುಮಾಸ್ತ ಅಕ್ಕನ ಕಟ್ಟುಗಳನ್ನು ವಾಪಸು ಕಳಿಸಿದ. ಬಿಚ್ಚಿ ನೋಡಿದರೆ ಒಂದರಲ್ಲೂ ಹೊಗೆಸೊಪ್ಪು ಇಲ್ಲ. ಎಲೆ ಮಾತ್ರ, ನೂಲು ಸುತ್ತಿ, ತುದಿ ಮಡಚಿ, ಒಂದರಂತೆ ಒಂದು. ಕೇಳಿದರೆ, ಸೊಪ್ಪಿನೊಳಗೆ ಕೂತು ಯಾರೋ ತನ್ನ ಹೆಸರು ಕರೆಯುತ್ತಾರೆ, ಅವರನ್ನು ಒಳಗೆ ಹಾಕಿ ಕಟ್ಟಿದರೆ ಸೇದುವವನು ಬೆಂಕಿ ಕೊಡುತ್ತಾನಲ್ಲ ಎಂದಳು. ಹೇಳುವಾಗ ದನಿಯಲ್ಲಿ ಹುಚ್ಚು ಇರಲಿಲ್ಲ, ಕನಿಕರ ಇತ್ತು.

ಆಮೇಲೆ ಅವಳು ನಿದ್ದೆ ಬಿಟ್ಟಳು, ಮನೆಯ ಬಟ್ಟಲಲ್ಲಿ ಉಣ್ಣುವುದನ್ನು ಬಿಟ್ಟಳು. ಒಂದು ತಿಂಗಳು ನಾವು ನಮಗೆ ತಿಳಿದದ್ದನ್ನೆಲ್ಲ ಮಾಡಿದೆವು. ಕೊನೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಅವಳನ್ನು ನೋಡಿದ್ದು ಒಬ್ಬರು ಡಾಕ್ಟರಮ್ಮ, ನನಗಿಂತ ಚಿಕ್ಕವರು, ಅಳೆದು ಮಾತಾಡುವವರು. ಅಕ್ಕನ ಹತ್ತಿರ ಒಂದು ಗಂಟೆ ಕೂತು ಕೇಳಿದರು, ನನ್ನನ್ನು ಹತ್ತು ನಿಮಿಷ ಕೇಳಿದರು. ಕ್ಲೋರ್‌ಪ್ರೊಮಜಿನ್ ಎಂಬ ಮಾತ್ರೆ ದಿನಕ್ಕೆ ಮೂರು ಹೊತ್ತು ಬರೆದರು. ಕೂತಲ್ಲಿಂದ, ಮಲಗಿದಲ್ಲಿಂದ ಒಮ್ಮೆಲೇ ಏಳಬಾರದು, ತಮ್ಮನ್ನು ಕೇಳದೆ ಬೇರೆ ಯಾವ ಮದ್ದೂ ಕೊಡಬಾರದು, ಗುಣ ಕಂಡಿತೆಂದು ತಟ್ಟನೆ ನಿಲ್ಲಿಸಲೂ ಬಾರದು ಎಂದರು. ನಾನು ನನ್ನ ಸ್ವಭಾವದಂತೆ ಚೌಕಾಸಿ ಶುರು ಮಾಡಿದೆ.

"ಮೂರು ಹೊತ್ತು ಯಾಕೆ ಡಾಕ್ಟ್ರೇ, ಎರಡಕ್ಕೆ ಮುಗಿಸುವ ಅಲ್ವಾ?"

"ಇದು ಕೋಣದ ದರ ಅಲ್ಲ ಮಾರಾಯ್ರೇ," ಎಂದರು ಅವರು. ನನ್ನ ಕಸುಬನ್ನು ಅಕ್ಕ ಹೇಳಿರಬೇಕು.

ಮೂರು ವಾರದಲ್ಲಿ ಅಕ್ಕ ಬಟ್ಟಲಲ್ಲಿ ಉಂಡಳು. ಕರೆಯುವವರು ಹೋದರಾ ಎಂದು ಕೇಳಿದೆ. ಹೋಗಲಿಲ್ಲ, ಗದ್ದೆಯ ಆಚೆ ಬದಿಯಿಂದ ಕರೆದ ಹಾಗೆ ಕೇಳುತ್ತದೆ, ಓಗೊಡದೆ ಇರಲಿಕ್ಕೆ ಆಗುತ್ತದೆ ಎಂದಳು. ಅಷ್ಟಕ್ಕೆ ನಾನು ಸಂತೋಷಪಡಬೇಕಿತ್ತು. ಆದರೆ ಅವಳ ಬಾಯಿ ಒಣಗುತ್ತಿತ್ತು, ಹಗಲಲ್ಲಿ ತೂಕಡಿಸುತ್ತಿದ್ದಳು, ಬೆರಳುಗಳು ನಿಧಾನವಾಗಿದ್ದವು. ತಡ್ಪೆ ಎತ್ತಿಕೊಂಡು ಕೂತರೆ ನಾಲ್ಕು ಬೀಡಿಗೆ ಕೈ ಸೋಲುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ಬೀಡಿ ಕಟ್ಟುವ ಕೈ. ತಮ್ಮನ ಮನೆಯಲ್ಲಿ ತನ್ನ ಅನ್ನ ತಾನು ಉಣ್ಣುವ ಮಾನ ಆ ಕೈಯಲ್ಲಿತ್ತು. ಮುಂದಿನ ಸಲ ಡಾಕ್ಟರಮ್ಮನಿಗೆ ಇದನ್ನು ಹೇಳು, ಅವರು ಸರಿ ಮಾಡಿಯಾರು ಎಂದಳು. ಮುಂದಿನ ಸಲಕ್ಕೆ ಇನ್ನೂ ಎರಡು ವಾರ ಇತ್ತು. ನನಗೆ ಕಾಯುವ ಅಭ್ಯಾಸ ಇರಲಿಲ್ಲ.

ಕಾರ್ಕಳದ ಹೊರಗೆ ದನ ಸೇರುವ ಬಯಲಲ್ಲಿ ನನ್ನ ಹಾಗೆಯೇ ದಲ್ಲಾಳಿಯಾಗಿದ್ದವನೊಬ್ಬ ಒಂದು ಮಾತು ಹೇಳಿದ. ಇಂಗ್ಲಿಷ್ ಮದ್ದು ತಲೆಯನ್ನು ಅದುಮಿ ಹಿಡಿಯುತ್ತದೆ, ಬೇರು ಕೀಳುವುದು ನಾಟಿ ಮದ್ದೇ, ಇಲ್ಲೇ ಒಬ್ಬರು ಪಂಡಿತರಿದ್ದಾರೆ ಎಂದು. ಕೋಣ ಮಾರಿದ ಕಾಲಲ್ಲೇ ಅವರ ಮನೆಗೆ ಹೋದೆ. ಬಿಳಿ ಪಂಚೆಯ ಮುದುಕರು. ಅಕ್ಕನ ವಿಷಯವನ್ನೆಲ್ಲ ಸಾವಧಾನವಾಗಿ ಕೇಳಿದರು. ಸರ್ಪಗಂಧದ ಬೇರು ಇದಕ್ಕೆ ಹಳೆಯ ಮದ್ದು, ಆದರೆ ಬಲವಾದ ಮದ್ದು ಎಂದರು. ಆಮೇಲೆ ಕೈ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಇಟ್ಟುಕೊಂಡು ಕೇಳಿದರು:

"ಇಂಗ್ಲಿಷ್ ಮದ್ದು ಎಂತದಾದರೂ ನಡೆಯುತ್ತಾ ಉಂಟಾ?"

"ಇಲ್ಲ ಪಂಡಿತರೇ," ಎಂದೆ.

ಯಾಕೆ ಹಾಗೆ ಹೇಳಿದೆ? ಹೇಳಿದರೆ ಅವರು ಪೆಟ್ಟಿಗೆ ತೆರೆಯುತ್ತಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಒಬ್ಬನ ದರ ಇನ್ನೊಬ್ಬನಿಗೆ ಹೇಳಬಾರದು ಎಂಬುದು ನನ್ನ ರಕ್ತಕ್ಕೆ ಇಳಿದಿತ್ತು. ಮಣಿಪಾಲದವರು ಒಂದು ಕಡೆ, ಕಾರ್ಕಳದವರು ಇನ್ನೊಂದು ಕಡೆ, ನಡುವೆ ನಾನು. ಇಬ್ಬರಿಂದಲೂ ಲಾಭ ಅಕ್ಕನಿಗೇ ತಾನೇ? ಒಂಟಿ ಕೋಣ ಕಟ್ಟಿ ಗದ್ದೆ ಉಳುವುದುಂಟೇ, ಜೋಡಿ ಬೇಕು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಈ ಲೆಕ್ಕವನ್ನು ನನಗೆ ನಾನೇ ಒಪ್ಪಿಸಿ ಆಗಿತ್ತು. ನನ್ನಂಥವನಿಗೆ ಅತಿ ಸುಲಭವಾಗಿ ಸೋಲುವ ಗಿರಾಕಿ ನಾನೇ.

ಪಂಡಿತರು ಕೊಟ್ಟ ಬೇರಿನ ಪುಡಿಯನ್ನು ನೋಡಿ ಅಕ್ಕ ಒಂದೇ ಮಾತು ಕೇಳಿದಳು. "ಡಾಕ್ಟರಮ್ಮನಿಗೆ ಗೊತ್ತುಂಟಾ ತಮ್ಮ?"

ಗೊತ್ತುಂಟು ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಪುಡಿಯನ್ನು ಬಾಯಿಗೆ ಹಾಕಿ ನೀರು ಕುಡಿದಳು.

ಎರಡು ವಾರ ಕಳೆದು ಮಣಿಪಾಲಕ್ಕೆ ಹೋದಾಗ ಅಕ್ಕ ಇನ್ನೂ ನಿಧಾನವಾಗಿದ್ದಳು. ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಮುಖ ಹಲಗೆಯ ಹಾಗೆ. ಕಾರಣವಿಲ್ಲದೆ ಕಣ್ಣಲ್ಲಿ ನೀರು. ಡಾಕ್ಟರಮ್ಮ ರಕ್ತದ ಒತ್ತಡ ನೋಡಿದರು, ಎಬ್ಬಿಸಿ ನಿಲ್ಲಿಸಿ ಮತ್ತೊಮ್ಮೆ ನೋಡಿದರು. ಇಷ್ಟು ಕಡಿಮೆ ಯಾಕೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬೇರೆ ಮದ್ದು ಏನಾದರೂ ಕೊಡುತ್ತಿದ್ದೀರಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ಇನ್ನೊಮ್ಮೆ ಕೇಳಿದರು. ಇಲ್ಲ ಎಂದು ಇನ್ನೊಮ್ಮೆ ಹೇಳಿದೆ. ಅವರು ಮಧ್ಯಾಹ್ನದ ಮಾತ್ರೆ ತೆಗೆದರು, ಕೈಕಾಲಿನ ಬಿಗಿತಕ್ಕೆಂದು ಇನ್ನೊಂದು ಸಣ್ಣ ಮಾತ್ರೆ ಸೇರಿಸಿದರು.

ಹೊರಗೆ ಬಂದಾಗ ನನ್ನ ಎದೆ ಉಬ್ಬಿತ್ತು. ಮೂರು ಹೊತ್ತಿನದ್ದು ಎರಡು ಹೊತ್ತಾಯಿತಲ್ಲ. ನಾನು ಚೌಕಾಸಿಯಲ್ಲಿ ಪಡೆಯಲಾಗದ್ದನ್ನು ಬೇರು ಮಾಡಿಕೊಟ್ಟಿತು ಎಂದುಕೊಂಡೆ. ಉಡುಪಿಯ ಬಸ್ ನಿಲ್ದಾಣದ ಹತ್ತಿರ ಅಕ್ಕನಿಗೆ ಕಾಫಿ, ಬನ್ಸ್ ಕೊಡಿಸಿದೆ. ಲೋಟ ಎತ್ತುವಾಗ ಅವಳ ಕೈ ನಡುಗಿ ಕಾಫಿ ಸೀರೆಗೆ ಚೆಲ್ಲಿತು. ಅವಳು ಸೀರೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಆ ವಾರವೇ ಅವಳಿಗೆ ಶೀತವಾಯಿತು. ಕಾಪುವಿನ ಮದ್ದಿನ ಅಂಗಡಿಗೆ ಹೋಗಿ, ಸೀನು ನಿಲ್ಲುವ ಹಾಗೆ ಏನಾದರೂ ಕೊಡಿ ಎಂದೆ. ಅಂಗಡಿಯವರು ಹಳದಿ ಮಾತ್ರೆ ಕಟ್ಟಿಕೊಟ್ಟರು. ಇದು ನಿದ್ದೆ ತರುತ್ತದೆ, ಅಕ್ಕನಿಗೆ ಬೇರೆ ಮಾತ್ರೆ ಏನಾದರೂ ಉಂಟಾ ಎಂದು ಕೇಳಿದರು. ಪಕ್ಕದಲ್ಲಿ ನಮ್ಮ ಊರಿನವರು ಇಬ್ಬರು ನಿಂತಿದ್ದರು. ಶಕ್ತಿಯ ಮಾತ್ರೆ ಬಿಟ್ಟರೆ ಏನಿಲ್ಲ ಎಂದೆ.

ಮೂರು ಊರು, ಮೂವರು ಮನುಷ್ಯರು. ಮೂವರೂ ಒಂದೇ ಪ್ರಶ್ನೆ ಕೇಳಿದರು. ಯಾರೂ ಕೇಳಲೇ ಇಲ್ಲ ಎಂದು ಈಗ ಹೇಳಿಕೊಳ್ಳುವ ಹಾಗಿದ್ದರೆ ನನ್ನ ಮುದಿತನ ಸ್ವಲ್ಪ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಕೂತಿದ್ದಳು. ಮೀನಿನ ಹೆಂಗಸು ಗೇಟಿನ ಹತ್ತಿರ ಕೂಗಿದಳು. ಬಂದೆ ಎನ್ನುತ್ತ ಅಕ್ಕ ಎದ್ದಳು. ಎದ್ದವಳು ಒಂದು ಹೆಜ್ಜೆ ಇಡಲಿಲ್ಲ. ಕಂಬಕ್ಕೆ ಕೈ ಚಾಚಿದ್ದನ್ನು ನಾನು ಒಳಗಿನಿಂದ ಕಂಡೆ; ಕೈ ಕಂಬದಿಂದ ಗೇಣು ದೂರದಲ್ಲಿತ್ತು. ಮೆಟ್ಟಿಲ ಕಲ್ಲಿನ ಮೇಲೆ ಸೊಂಟ ಬಡಿಯಿತು. ಆ ಶಬ್ದ ನನಗೆ ಗೊತ್ತಿತ್ತು. ಕೋಣದ ಕಾಲು ಮುರಿದಾಗ ಕೇಳಿದ್ದೆ.

ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ಒಯ್ದೆವು. ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿದೆ, ಆಪರೇಷನ್ ಆಗಬೇಕು ಎಂದರು ಎಲುಬಿನ ಡಾಕ್ಟರು. ಪ್ರಜ್ಞೆ ತಪ್ಪಿಸುವ ಮದ್ದು ಕೊಡಬೇಕು, ಇವರು ದಿನಾ ಯಾವ ಮದ್ದು ತಗೊಳ್ಳುತ್ತಾರೆ ಎಂದು ನನ್ನನ್ನು ಕೇಳಿದರು.

ಇಲ್ಲಿಯಾದರೂ ಹೇಳಬಹುದಿತ್ತು. ನನ್ನ ತಲೆ ಆಗಲೂ ಲೆಕ್ಕ ಹಾಕುತ್ತಿತ್ತು. ಹುಚ್ಚಿನ ಮಾತ್ರೆ ಎಂದರೆ ಕಾಲು ಬಿಟ್ಟು ತಲೆಯ ವಾರ್ಡಿಗೆ ಕಳಿಸಿದರೆ? ಪುಡಿ ಎಂದರೆ ಬೈದರೆ? ಮೊದಲು ಎಲುಬು ಕೂಡಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. "ಏನಿಲ್ಲ ಡಾಕ್ಟ್ರೇ, ಶಕ್ತಿಗೆ ಒಂದು ಮಾತ್ರೆ, ಅಷ್ಟೆ."

ಸ್ಟ್ರೆಚರಿನ ಮೇಲಿದ್ದ ಅಕ್ಕ ಕಣ್ಣು ತೆರೆದಳು. ನೋವಿನಿಂದ ಅವಳ ತುಟಿ ಬಿಳಿಯಾಗಿತ್ತು.

"ಡಾಕ್ಟ್ರೇ, ಇವನು ವ್ಯಾಪಾರಿ. ಇವನನ್ನು ಕೇಳಬೇಡಿ. ನನ್ನನ್ನು ಕೇಳಿ."

ಸೀರೆಯ ಸೆರಗಿನ ತುದಿಯ ಗಂಟನ್ನು ಬಿಚ್ಚಲು ನೋಡಿದಳು. ಬೆರಳು ಬರಲಿಲ್ಲ, ನರ್ಸ್ ಬಿಚ್ಚಿದರು. ಒಳಗೆ ಬೀಡಿಯ ಎಲೆಯ ಸಣ್ಣ ಪೊಟ್ಟಣಗಳು ನಾಲ್ಕು, ಬೀಡಿಯ ನೂಲಿನಿಂದಲೇ ಕಟ್ಟಿದವು. ಒಂದರಲ್ಲಿ ಮಣಿಪಾಲದ ಮಾತ್ರೆ, ಒಂದರಲ್ಲಿ ಬಿಗಿತದ ಸಣ್ಣ ಮಾತ್ರೆ, ಒಂದರಲ್ಲಿ ಕಾರ್ಕಳದ ಪುಡಿ, ಒಂದರಲ್ಲಿ ಶೀತದ ಹಳದಿ ಮಾತ್ರೆ. ಯಾವುದು ಯಾವಾಗ, ಎಷ್ಟು, ಎಂದಿನಿಂದ ಎಂದು ಅಕ್ಷರ ಬಾರದ ಅಕ್ಕ ತಪ್ಪದೆ ಹೇಳಿದಳು. ಮುಗಿಸಿದ ಮೇಲೆ ಕಣ್ಣು ಮುಚ್ಚಿದಳು. ನನ್ನ ಕಡೆ ತಿರುಗಲಿಲ್ಲ.

ಆಪರೇಷನ್ ಅಂದೇ ಆಗಲಿಲ್ಲ. ಅವಳ ಒತ್ತಡ ತೀರಾ ಇಳಿದಿತ್ತು. ಬೇರಿನ ಗುಣ ನಿಲ್ಲಿಸಿದ ಕೂಡಲೇ ಹೋಗುವುದಿಲ್ಲ, ದಿನಗಟ್ಟಲೆ ಮೈಯಲ್ಲಿರುತ್ತದೆ, ಅದರ ಮೇಲೆ ಪ್ರಜ್ಞೆ ತಪ್ಪಿಸುವುದು ಅಪಾಯ ಎಂದರು. ಕಾಲಿಗೆ ಭಾರ ಕಟ್ಟಿ ಎಳೆದಿಟ್ಟು ಕಾದರು. ಕಾಯುತ್ತಿರುವಾಗ ಜ್ವರ ಬಂತು, ಬೆನ್ನಿನಲ್ಲಿ ಹುಣ್ಣಾಯಿತು, ಮತ್ತೆ ಕಾದರು. ಕೊನೆಗೆ ಆಪರೇಷನ್ ಇಲ್ಲದೆಯೇ ಎಲುಬು ಕೂಡಿತು, ಕೂಡಬೇಕಾದಲ್ಲಿ ಕೂಡಲಿಲ್ಲ. ಒಂದು ಕಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು.

ಡಾಕ್ಟರಮ್ಮ ವಾರ್ಡಿಗೆ ಬಂದು ನನ್ನನ್ನು ಹೊರಗೆ ಕರೆದರು. ಬೈಯುತ್ತಾರೆ ಎಂದು ತಯಾರಾಗಿದ್ದೆ. ಬೈಗಳಿಗೆ ಉತ್ತರ ಕೊಡುವುದು ನನಗೆ ಗೊತ್ತು. ಅವರು ಬೈಯಲಿಲ್ಲ.

"ನೀವು ಕೋಣ ಕೊಳ್ಳುವಾಗ ಹಲ್ಲು ನೋಡುತ್ತೀರಿ ಅಲ್ವಾ? ಮಾರುವವನು ಅದರ ಬಾಯಿ ತೆರೆಯಲಿಕ್ಕೆ ಬಿಡದಿದ್ದರೆ?"

"ಕೊಳ್ಳುವುದಿಲ್ಲ."

"ನಾನು ಕೊಂಡೆ," ಎಂದರು. "ನೀವು ಬಾಯಿ ಮುಚ್ಚಿ ಹಿಡಿದಿದ್ದೀರಿ ಎಂದು ನನಗೆ ಅನುಮಾನ ಇತ್ತು. ಆದರೂ ಕೊಂಡೆ."

ಆಮೇಲೆ ಬಿಡಿಸಿ ಹೇಳಿದರು. ಅವರ ಮಾತ್ರೆಗೆ ಒತ್ತಡ ಇಳಿಸುವ ಗುಣ ಉಂಟು, ಬೇರಿಗೂ ಉಂಟು. ಎರಡೂ ಸೇರಿದರೆ ಕೂತವಳು ಎದ್ದಾಗ ತಲೆಗೆ ರಕ್ತ ಸಾಲುವುದಿಲ್ಲ. ಕೈಕಾಲು ಬಿಗಿಯುವ ಗುಣವೂ ಎರಡಕ್ಕೂ ಉಂಟು, ಮಂಕು ಕವಿಸುವುದೂ ಎರಡಕ್ಕೂ ಉಂಟು; ಬೇರು ಮನುಷ್ಯನನ್ನು ಸುಮ್ಮನೆ ಅಳಿಸುವುದೂ ಉಂಟು. ಶೀತದ ಮಾತ್ರೆ ಅದಕ್ಕೆ ಇನ್ನಷ್ಟು ತೂಕಡಿಕೆ ಸೇರಿಸಿತು. ಬೇರಿನಿಂದ ಹೆಚ್ಚಿದ ಬಿಗಿತವನ್ನು ತಮ್ಮ ಮಾತ್ರೆಯದ್ದೆಂದು ತಿಳಿದು ಅವರು ಇನ್ನೊಂದು ಮಾತ್ರೆ ಕೊಟ್ಟಿದ್ದರು. ಅಂದರೆ ನನ್ನ ಸುಳ್ಳಿಗೂ ಅಕ್ಕ ಒಂದು ಮದ್ದು ನುಂಗಿದ್ದಳು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಕಾರ್ಕಳಕ್ಕೆ ಹೋಗಿ ಪಂಡಿತರ ಅಂಗಳದಲ್ಲಿ ನಿಂತು, ನಿಮ್ಮ ಪುಡಿ ನನ್ನ ಅಕ್ಕನ ಕಾಲು ಮುರಿಯಿತು ಎಂದು ದೊಡ್ಡ ದನಿಯಲ್ಲಿ ಹೇಳಿದೆ. ತಪ್ಪಿನಲ್ಲಿ ಅರ್ಧವನ್ನಾದರೂ ಅವರ ತಲೆಗೆ ಕಟ್ಟೋಣ ಎಂಬ ಆಸೆ. ಮುದುಕರು ಪೂರ್ತಿ ಕೇಳಿಸಿಕೊಂಡರು.

"ನಾನು ಒಂದು ಪ್ರಶ್ನೆ ಕೇಳಿದ್ದೆ," ಎಂದರು. "ನೀವು ಎಂತ ಹೇಳಿದಿರಿ?"

ಅಂಗಳದಲ್ಲಿ ಮದ್ದಿಗೆ ಕಾದು ಕೂತವರೆಲ್ಲ ನನ್ನನ್ನು ನೋಡುತ್ತಿದ್ದರು. ಮುಚ್ಚಿಕೊಳ್ಳಲು ಹೆಗಲ ಮೇಲೆ ಬೈರಾಸು ಇತ್ತು, ಪ್ರಯೋಜನವಿರಲಿಲ್ಲ.

ಬೇರು ನಿಂತ ಮೇಲೆ ಕೆಲವು ತಿಂಗಳಲ್ಲಿ ಅಕ್ಕನ ಮುಖಕ್ಕೆ ಜೀವ ಬಂತು. ಡಾಕ್ಟರಮ್ಮ ಮಾತ್ರೆಯ ಪ್ರಮಾಣವನ್ನು ನೋಡಿ ನೋಡಿ ಹೊಂದಿಸಿದರು. ಬೆರಳುಗಳೂ ಬಂದವು. ಕೋಲು ಊರಿಕೊಂಡು ಜಗಲಿಗೆ ಬಂದು ಮತ್ತೆ ಬೀಡಿ ಕಟ್ಟಿದಳು, ಮೊದಲಿನಷ್ಟಲ್ಲದಿದ್ದರೂ ಗುಮಾಸ್ತ ವಾಪಸು ಕಳಿಸದ ಹಾಗೆ. ಎರಡು ವಾರ ಕಾದಿದ್ದರೆ ಆಗುತ್ತಿದ್ದದ್ದು ಇಷ್ಟೇ. ಕಾಲೂ ಉಳಿಯುತ್ತಿತ್ತು.

ಈಗ ಟಿಲ್ಲರ್ ಬಂದು ಕೋಣದ ವ್ಯಾಪಾರವೂ ಮುಗಿದಿದೆ, ನನ್ನ ಹತ್ತಿರ ಉಳಿದಿರುವುದು ಬುದ್ಧಿಮಾತು ಮಾತ್ರ. ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಮನೆಯಲ್ಲಿ ಯಾರಾದರೂ ತಲೆಯ ಮದ್ದು ತೆಗೆದುಕೊಳ್ಳುತ್ತಿದ್ದರೆ, ಹಲ್ಲು ಕೀಳುವವನಿಗೂ ಹೇಳಿ. ನಿದ್ದೆಯ ಮಾತ್ರೆ, ಶೀತದ ಮಾತ್ರೆ, ಒತ್ತಡದ ಮಾತ್ರೆ, ಫಿಟ್ಸಿನ ಮಾತ್ರೆ ಯಾವುದನ್ನೂ ಡಾಕ್ಟರನ್ನು ಕೇಳದೆ ಜೊತೆಗೆ ಕೊಡಬೇಡಿ. ಹೊಟ್ಟೆ ಉರಿಯ ಮದ್ದನ್ನೂ ಅದರ ಜೊತೆಯಲ್ಲೇ ಕುಡಿಸಬೇಡಿ, ಹೊಟ್ಟೆಯೊಳಗೆ ಅದು ಮಾತ್ರೆಯನ್ನು ಹಿಡಿದಿಡುತ್ತದಂತೆ. ಕಳ್ಳು, ಸಾರಾಯಿ ಬೇಡವೇ ಬೇಡ. ಹಬ್ಬಕ್ಕೆ ಒಂದು ಕುಡ್ತೆ ಎಂದು ಚೌಕಾಸಿ ಮಾಡುವವರನ್ನು ಕಂಡಿದ್ದೇನೆ. ಬೀಡಿ ಸೇದುವವನು ಸೇದುವುದನ್ನು ಬಿಟ್ಟರೆ, ಬಿಟ್ಟವನು ಮತ್ತೆ ಹಿಡಿದರೆ, ಅದನ್ನೂ ಹೇಳಬೇಕು, ಮದ್ದು ಮೈಗೆ ಹತ್ತುವ ಲೆಕ್ಕ ಬದಲಾಗುತ್ತದೆ. ಬೇರು, ಸೊಪ್ಪು, ಲೇಹ್ಯ ಮದ್ದಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮದ್ದಲ್ಲದಿದ್ದರೆ ನನ್ನ ಅಕ್ಕ ಬೀಳುತ್ತಿರಲಿಲ್ಲ. ಮಾತ್ರೆಯಿಂದ ತೊಂದರೆ ಕಂಡರೆ ನೀವೇ ನಿಲ್ಲಿಸಬೇಡಿ, ಕೊಟ್ಟವರ ಹತ್ತಿರ ಹೋಗಿ. ಇದೆಲ್ಲ ನನ್ನ ಬುದ್ಧಿಯಲ್ಲ. ಡಾಕ್ಟರಮ್ಮನ ಕೋಣೆಯ ಹೊರಗೆ ಕೂತು, ಒಳಗೆ ಹೋಗಿ ಬರುವ ನರ್ಸುಗಳನ್ನು ಪೀಡಿಸಿ ಕಲಿತದ್ದು.

ಹೊರಗೆ ಯಾಕೆ ಕೂತೆ ಎಂದರೆ, ಅಕ್ಕ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಮಾತ್ರೆಗಳನ್ನೂ ಚೀಟಿಗಳನ್ನೂ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಮಣಿಪಾಲಕ್ಕೆ ನಾನು ಜೊತೆಗೆ ಹೋಗಬೇಕು, ಬಸ್ಸು ಹತ್ತಿಸಬೇಕು, ಇಳಿಸಬೇಕು. ಬಾಗಿಲಿನ ಹತ್ತಿರ ಬಂದರೆ, ನೀನು ಇಲ್ಲಿ ಕೂತುಕೋ ತಮ್ಮ ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಇಳಿಸಬಹುದಿತ್ತು, ಅದಕ್ಕೊಂದು ದರ ಇರುತ್ತದೆ.

ಹೀಗೆ ಐದಾರು ವರ್ಷ ನಡೆಯಿತು. ಒಂದು ದಿನ ಆ ಬೆಂಚಿನ ಮೇಲೆ ಅವಳ ಸರದಿಗೆ ಕಾಯುತ್ತಿದ್ದಾಗ ನಾನು ಸೋತು ಕೇಳಿದೆ. ಅಕ್ಕ, ಇನ್ನು ಸಾಕಲ್ಲ, ಆ ಚೀಟಿ ನನ್ನ ಕೈಗೆ ಕೊಡು, ಈ ಸಲ ನಾನೂ ಒಳಗೆ ಬರುತ್ತೇನೆ, ಕೇಳಿದ್ದಕ್ಕೆಲ್ಲ ನಿಜ ಹೇಳುತ್ತೇನೆ ಎಂದೆ.

ಅವಳು ನನ್ನ ಹೆಗಲ ಮೇಲಿನ ಬೈರಾಸನ್ನು ಎಳೆದುಕೊಂಡಳು. ನಮ್ಮಿಬ್ಬರ ಕೈಗಳ ಮೇಲೆ ಹರಡಿದಳು. ನನಗೆ ಹಳೆಯ ಸಂಜೆಗಳು ನೆನಪಾದವು, ನಗು ಬಂತು. ಅಡಿಯಲ್ಲಿ ಅವಳ ಬೆರಳುಗಳನ್ನು ಹುಡುಕಿದೆ. ಬೆರಳು ಸಿಗಲಿಲ್ಲ. ಗಟ್ಟಿಯಾಗಿ ಬಿಗಿದ ಮುಷ್ಟಿ ಸಿಕ್ಕಿತು.

ಒಳಗಿನಿಂದ ಅವಳ ಹೆಸರು ಕರೆದರು. ಅವಳು ಕೋಲು ಹಿಡಿದು, ಡಾಕ್ಟರಮ್ಮ ಕಲಿಸಿದ ಹಾಗೆ ಸ್ವಲ್ಪ ತಡೆದು, ನಿಧಾನಕ್ಕೆ ಎದ್ದು ನಿಂತಳು. ಎಬ್ಬಿಸಲು ನಾನು ಕೈ ಚಾಚಿದೆ. ಅದು ಅವಳಿಗೆ ಬೇಕಾಗಲಿಲ್ಲ. ಬಾಗಿಲು ಮುಚ್ಚಿತು, ನಾನು ಬೈರಾಸನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತೆ.